ಟ್ರೇಲರ್ ಮಾವನ ಕಿವಿ

ಮನೆ ಬದಲಾಯಿಸುವವರು ಯಾರು ಬಂದು ಕೇಳಿದರೂ ಟ್ರೇಲರ್ ಮಾವ ತಮ್ಮ ಟ್ರೇಲರನ್ನು ಇಲ್ಲವೆನ್ನದೆ ಕೊಡುತ್ತಾರೆ. ಆದರೆ ಚಕ್ರ ಬಿಚ್ಚಿ ನೋಡದೆ ಅಂಗಳ ದಾಟಿಸುವುದಿಲ್ಲ. ಕೇಳಿದವರು ಮಂಚ, ಬೀರು ಹೊರಗಿಟ್ಟುಕೊಂಡು ಚಡಪಡಿಸುತ್ತಿದ್ದರೂ ಮಾವ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ಕೂಸಿನಂತೆ ಮೀಯಿಸಿ, ಒರೆಸಿ, ಹೊಸ ಗ್ರೀಸ್ ಮೆತ್ತಿ ಕೂರಿಸುತ್ತಾರೆ. ನಟ್ಟನ್ನು ಬಿಗಿದು ಮತ್ತೆ ತುಸುವೇ ಸಡಿಲಿಸುತ್ತಾ, "ತೀರಾ ಬಿಗಿದ್ರೆ ದಾರೀಲೇ ಕಾದು ಕೆಂಡ ಆಗುತ್ತೆ ಕಣಪ್ಪಾ" ಎನ್ನುತ್ತಾರೆ. ಕೊನೆಗೆ ಚಕ್ರ ತಿರುಗಿಸಿ, "ಶ್! ಕೇಳಿಸ್ಕೋಬೇಕು" ಎಂದು ಕಿವಿಯಾನಿಸಿದರೆ ಯಾರೂ ಕೆಮ್ಮುವಂತಿಲ್ಲ. ಆ ಕಿವಿ ಮಂದವಾಗಿ ವರ್ಷಗಳೇ ಆದವೆಂದು ಬಲ್ಲವರು ಅವರ ಹೆಂಡತಿ ಒಬ್ಬರೇ. ಅದಕ್ಕೇ ಆ ಹೊತ್ತಿಗೆ ಆಕೆ ಒಲೆ ಆರಿಸಿ ಬಾಗಿಲಿಗೆ ಬರುತ್ತಾರೆ. ಮಾವ ಮೆಲ್ಲಗೆ ಆಕೆಯ ಮುಖ ನೋಡುತ್ತಾರೆ. ಆಕೆ ಹುಬ್ಬು ಗಂಟಿಕ್ಕಿದರೆ, "ಗರಗರ ಅಂತಿದೆ, ನಿಮಗ್ಯಾರಿಗೂ ಕೇಳಿಸ್ಲಿಲ್ವಾ?" ಎಂದು ಎಲ್ಲರನ್ನೂ ಗದರಿಸಿ ಮತ್ತೆ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.