ಪಿಸುಮಾತಿನ ಹೊತ್ತಿನ ಸಿಳ್ಳೆ

ಬೀದಿಯವರಿಗೆಲ್ಲ ಅವರು ಬಾಯ್ಲರ್ ತಾತ. ಬಟ್ಟೆ ಗಿರಣಿಯ ಬಾಯ್ಲರ್ ಕಾಯುತ್ತಲೇ ಆಯುಷ್ಯ ಸವೆಸಿದವರು. ಮೀಟರಿನ ಮುಳ್ಳನ್ನು ನಂಬಿದವರಲ್ಲ. ಸುಡುವ ಪೈಪಿಗೆ ಬಟ್ಟೆ ಸುತ್ತಿ, ಅದರ ಮೇಲೆ ಕಿವಿಯಿಟ್ಟು, ಕಣ್ಣು ಮುಚ್ಚಿ ಒಳಗಿನ ನೀರಿನ ಮನಸ್ಸು ತಿಳಿಯುತ್ತಿದ್ದರು. ಆ ಉಗಿಯೇ ಕೊನೆಗೆ ಅವರ ಕಿವಿ ತಿಂದಿತು. ಮೊದಲು ಹೋದದ್ದು ಸಣ್ಣ ಸ್ವರಗಳು: ಹಕ್ಕಿ, ಕರೆಗಂಟೆ, ಮೊಮ್ಮಗಳ ಕೀರಲು ನಗು. ಈಚೆಗೆ ಮಗಳು ಕಿವಿಗೊಂದು ಮೆಷಿನ್ ಕೊಡಿಸಿದ್ದಳು. ಕೊಡಿಸಿದವಳೇ ಹಾಸಿಗೆ ಹಿಡಿದಳು.

"ಅಪ್ಪನ ಎದೆ ತಡ್ಯಲ್ಲ, ಬಾಯಿ ಬಿಟ್ಟೀಯ" ಎಂದು ಮಗ ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದ. ದಿನಾ ಸಂಜೆ ಆಸ್ಪತ್ರೆಯಿಂದ ಬಂದವನು "ಅಕ್ಕ ಚೆನ್ನಾಗಿದ್ದಾಳೆ!" ಎಂದು ಅಪ್ಪನಿಗೆ ಕೂಗಿ ಹೇಳಿ, ಕೋಣೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದ. ನಿಜ ಹೊರಬೀಳುತ್ತಿದ್ದದ್ದು ಅಲ್ಲಿ, ಪಿಸುಮಾತಿನಲ್ಲಿ.

ಆ ಹೊತ್ತಿಗೇ ಆ ಸದ್ದು ಏಳುತ್ತಿತ್ತು. ಸೂಜಿಯಷ್ಟು ಸಣ್ಣದು, ತಲೆಬುರುಡೆ ಕೊರೆಯುವಂಥದ್ದು.

"ರೀ, ಕೇಳಿಸ್ತಾ?"

"ಫ್ರಿಜ್ಜು ಕಣೆ. ಅದಕ್ಕೂ ವಯಸ್ಸಾಯ್ತು, ನಿನ್ ಹಾಗೇನೆ."

ಫ್ರಿಜ್ ಆರಿಸಿ ನೋಡಿದ್ದಾಯಿತು. ನಲ್ಲಿಯ ವಾಷರ್ ಬದಲಾಯಿತು, ಫ್ಯಾನಿಗೆ ಎಣ್ಣೆ ಬಿತ್ತು. ಕರೆಂಟಿನವನು ಬಂದು ಮೀಟರ್ ತಡವಿ, "ಇದರದ್ದಲ್ಲಮ್ಮ, ನಿಮ್ ಕಿವೀನೇ ಒಂದ್ಸಲ ತೋರಿಸ್ಕೊಳ್ಳಿ" ಎಂದು ನಕ್ಕು ಹೋದ. ಹುಡುಕಲೆಂದು ಕೋಣೆಯ ಬಾಗಿಲು ತೆರೆಯುವಷ್ಟರಲ್ಲಿ ಸದ್ದು ಸತ್ತಿರುತ್ತಿತ್ತು. ಹೊರಗೆ ಮಾವ ಒಬ್ಬರೇ, ಮುಖಕ್ಕೆ ಅಡ್ಡ ಪೇಪರ್ ಹಿಡಿದು.

ಸೊಸೆ ಹೆದರಿಕೆಯಲ್ಲೇ ಸದ್ದಿನ ಲೆಕ್ಕವಿಡತೊಡಗಿದಳು. ತರಕಾರಿ, ಮಗಳ ಶಾಲೆ ಎಂದು ಮಾತಾಡುವಾಗ ಅದು ಬಿಟ್ಟು ಬಿಟ್ಟು ಬರುತ್ತಿತ್ತು. ಅತ್ತಿಗೆಯ ಮಾತೆತ್ತಿದರೆ ಕಡಿಯದ ಎಳೆಯಾಗಿ ನಿಲ್ಲುತ್ತಿತ್ತು. ಏನೋ ಒಂದು ಆ ಸುದ್ದಿಗೇ ಬಾಯ್ತೆರೆದು ಕಾಯುತ್ತಿತ್ತು.

ಇಂದು ಸಂಜೆ ಗಂಡನ ಮುಖ ಬೂದಿಯಾಗಿತ್ತು. ಮಂಚದ ತುದಿಗೆ ಕುಸಿದು, ಉಸಿರಿಗಿಂತ ಮೆಲ್ಲಗೆ ಹೇಳಿದ: "ಡಾಕ್ಟ್ರು ಕೈಚೆಲ್ಲಿಬಿಟ್ರು ಕಣೆ. ಇವತ್ತು ದಾಟೋದೇ ಕಷ್ಟವಂತೆ. ಅಪ್ಪನ್ನ ಒಂದ್ಸಲ ನೋಡ್ಬೇಕು ಅಂತಾಳೆ. ಹೆಂಗೆ ಕರ್ಕೊಂಡ್ ಹೋಗ್ಲಿ?"

ಸಿಳ್ಳೆ ಎದ್ದಿತು.

ಮಾತಾಡ್ತಾ ಇರಿ ಎಂದು ಕೈಸನ್ನೆ ಮಾಡಿ ಅವಳು ಬರಿಗಾಲಲ್ಲಿ ನಡೆದಳು. ಸದ್ದು ಬಾಗಿಲಿನಲ್ಲೇ ಇತ್ತು, ಅವಳ ಮುಖದ ಎತ್ತರಕ್ಕೆ, ಮರದ ಆಚೆ ಬದಿಗೆ. ಚಿಲಕ ಎಳೆದಳು.

ಆಸರೆ ತಪ್ಪಿ ಮಾವ ಮುಂದಕ್ಕೆ ವಾಲಿದರು. ಕಿವಿಗೂ ಮರಕ್ಕೂ ನಡುವೆ ಹಿಡಿದಿದ್ದ ಟವೆಲ್ಲು ಕೆಳಗೆ ಬಿತ್ತು, ಪೈಪಿಗೆ ಸುತ್ತುತ್ತಿದ್ದ ಹಾಗೆಯೇ ಮಡಿಸಿದ್ದು. ಬಾಗಿಲಿಂದ ದೂರವಾದದ್ದೇ ಕಿವಿಯ ಮೆಷಿನ್ ಸುಮ್ಮನಾಯಿತು. ಒತ್ತಿ ಹಿಡಿದರೆ ಅದು ಕಿರುಚುತ್ತದೆಂದು ಅವರಿಗೆ ತಿಳಿಯುವ ಬಗೆಯೇ ಇರಲಿಲ್ಲ. ಅಷ್ಟು ಸಣ್ಣ ಸ್ವರ ಅವರ ಪಾಲಿಗೆ ಎಂದೋ ಹೋಗಿತ್ತು.

"ನಿನ್ನೆವರ್ಗಿಂದು ಎಲ್ಲಾ ಕೇಳ್ಕೊಂಡಿದೀನಿ ಕಣಮ್ಮ. ನೀವು ಹೆದರ್ಕೋತೀರಿ ಅಂತ ಸುಮ್ನಿದ್ದೆ. ಇವತ್ತು ತೀರಾ ಮೆಲ್ಲಗಂದ. ಏನಂತೆ?"

ಗಂಡ ಗೋಡೆಯ ಕಡೆ ತಿರುಗಿದ. ಅವಳು ಮಾವನ ಕಿವಿಯ ಬಳಿ ಬಾಗಿ ಹೇಳಿದಳು. ಅಭ್ಯಾಸಬಲಕ್ಕೆ ಅದೂ ಪಿಸುಮಾತೇ ಆಯಿತು. ಅವರು ತಲೆಯಾಡಿಸಿದರು, ಕೇಳಿಸಲಿಲ್ಲ ಎಂದು.

ಇಷ್ಟು ದಿನ ಬಾಗಿಲು ಹಾಕಿ ಪಿಸುಗುಟ್ಟಿದ್ದನ್ನು ಅವಳು ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಚಪ್ಪಲಿ ಹಾಕ್ಕೊಳ್ಳಿ ಮಾವ! ಅತ್ತಿಗೆ ನಿಮಗೋಸ್ಕರ ಜೀವ ಹಿಡ್ಕೊಂಡಿದ್ದಾರೆ!"