ಮೇಸ್ತ್ರಿ ದಾನಿಯೇಲಪ್ಪನ ತರ್ಜುಮೆ

ದಾವಣಗೆರೆಯ ಗಿರಣಿ ಚಾಳಿನ ಕ್ರೈಸ್ತರಲ್ಲಿ ಇಂಗ್ಲಿಷ್ ಬಲ್ಲವನೆಂದರೆ ಬಡಗಿ ದಾನಿಯೇಲಪ್ಪ ಒಬ್ಬನೇ. ಅವನು ಅದನ್ನು ಕಲಿತದ್ದು ಪುಸ್ತಕದಿಂದಲ್ಲ. ಚಿಕ್ಕಂದಿನಲ್ಲಿ ಹರಿಹರದ ಮಿಶನ್ನಿನವರ ಹತ್ತಿರ ಬಡಗಿ ಕೆಲಸಕ್ಕೆ ಸೇರಿದಾಗ, ಕೆಲಸ ಹೇಳಿಕೊಡುತ್ತಿದ್ದ ದೊರೆ ಬೈಯುವುದನ್ನೂ ಪ್ರಾರ್ಥನೆ ಮಾಡುವುದನ್ನೂ ಇಂಗ್ಲಿಷಿನಲ್ಲೇ ಮಾಡುತ್ತಿದ್ದ. ಹಾಗಾಗಿ ಉಳಿ, ಮೊಳೆ, ಪಾಪ, ಪಶ್ಚಾತ್ತಾಪ, ಸೋಮಾರಿ, ಕತ್ತೆ ಇವಕ್ಕೆಲ್ಲ ದಾನಿಯೇಲಪ್ಪನಿಗೆ ಚೊಕ್ಕ ಇಂಗ್ಲಿಷ್ ಬರುತ್ತಿತ್ತು. ಉಳಿದ ಲೋಕವ್ಯವಹಾರವೆಲ್ಲ ಅಂದಾಜಿನ ಮೇಲೆ. ಆದರೂ ಹೊರದೇಶದಿಂದ ಯಾರೇ ಬಂದು ನಾಲ್ಕು ಮಾತಾಡಲಿ, ಪಕ್ಕದಲ್ಲಿ ನಿಂತು ತರ್ಜುಮೆ ಮಾಡಲು ಅವನನ್ನೇ ಕರೆಯುತ್ತಿದ್ದರು. ಕರೆಯಲು ಬೇರೆ ಯಾರೂ ಇರಲಿಲ್ಲ.

ಅವನು ಆ ಕೆಲಸವನ್ನು ಕೂಡ ಬಡಗಿತನದ ಹಾಗೆಯೇ ಮಾಡುತ್ತಿದ್ದ. ಬಂದ ಹಲಗೆಯನ್ನು ಬಾಗಿಲಿಗೆ ಎಷ್ಟು ಬೇಕೋ ಅಷ್ಟು ಕೊಯ್ದು, ಉಳಿದದ್ದನ್ನು ಪಕ್ಕಕ್ಕಿಡುತ್ತಿದ್ದ. ಅತಿಥಿಗಳು ಅರ್ಧ ತಾಸು ಮಾತಾಡಿದರೆ ಕನ್ನಡದಲ್ಲಿ ಅದು ಕಾಲು ತಾಸಿಗೆ ಮುಗಿಯುತ್ತಿತ್ತು. ಇದರಿಂದ ಸಭೆಗೆ ಅನುಕೂಲವೇ ಆಗಿದ್ದರಿಂದ ಯಾರೂ ತಕರಾರು ತೆಗೆದಿರಲಿಲ್ಲ.

ಮನೆಯಲ್ಲಿ ಅವನ ಜೊತೆಗಿದ್ದವಳು ತಾಯಿ ಮರಿಯವ್ವ. ಹೆಂಡತಿ ಮೊದಲ ಬಾಣಂತನದಲ್ಲೇ ತೀರಿಕೊಂಡಿದ್ದಳು, ಮಗುವೂ ಉಳಿಯಲಿಲ್ಲ. ದಾನಿಯೇಲಪ್ಪ ಮತ್ತೆ ಮದುವೆಯ ಮಾತೆತ್ತಲಿಲ್ಲ. ಮರಿಯವ್ವ ಹುಟ್ಟಿದ್ದು ದಾವಣಗೆರೆಯಲ್ಲಿ, ಹತ್ತಿ ಬಿಡಿಸಿ ಬೆನ್ನು ಬಾಗಿಸಿಕೊಂಡದ್ದು ದಾವಣಗೆರೆಯಲ್ಲಿ, ಸಾಯಲು ಕಾಯುತ್ತಿದ್ದದ್ದೂ ಅಲ್ಲೇ. ತೊಂದರೆ ಇದ್ದದ್ದು ಸತ್ತ ಮೇಲೆ. ಚಾಳಿನ ಕ್ರೈಸ್ತರಿಗೆ ಊರಲ್ಲಿ ಹೂಳಲು ಜಾಗವಿರಲಿಲ್ಲ. ಹೆಣವನ್ನು ಎತ್ತಿನ ಗಾಡಿಯಲ್ಲಿ ಹರಿಹರಕ್ಕೆ ಒಯ್ಯಬೇಕಿತ್ತು. ಬಸ್ಸಿನವರು ಕುರಿ, ಕೋಳಿ, ಬೆಲ್ಲದ ಪೆಂಟೆ ಎಲ್ಲ ಹೇರಿಕೊಳ್ಳುತ್ತಿದ್ದರು, ಇದೊಂದನ್ನು ಬಿಟ್ಟು.

ಮರಿಯವ್ವನ ಗಂಡ ಸತ್ತಾಗ ಗಾಡಿ ಹರಿಹರದ ದಾರಿ ಹಿಡಿದಿತ್ತು. ಅಷ್ಟರಲ್ಲಿ ರೈಲ್ವೆ ಗೇಟು ಹಾಕಿದರು. ಗೂಡ್ಸ್ ಗಾಡಿಯೊಂದು ಬಂದು ಅಲ್ಲೇ ನಿಂತುಬಿಟ್ಟಿತು. ಉರಿ ಬಿಸಿಲು. ಮರಿಯವ್ವ ಪೆಟ್ಟಿಗೆಯ ಪಕ್ಕದಲ್ಲಿ ಸೆರಗು ಹೊದ್ದು ಕೂತಿದ್ದಳು. ಗೇಟಿನ ಹತ್ತಿರ ಶೇಂಗಾ ಮಾರುವವನು ಬಂದು, ಪೆಟ್ಟಿಗೆಯಲ್ಲಿ ಏನಿದೆ, ಮಾರುವುದೋ ಎಂದು ಕೇಳಿದ. ಅವತ್ತೇ ಅವಳು ಮಗನಿಗೆ ಹೇಳಿದ್ದಳು:

“ನನ್ನ ಈ ಗೇಟಿನಾಗೆ ನಿಲ್ಲಿಸಬ್ಯಾಡಪ. ಹುಟ್ಟಿದ ಊರಾಗೆ ಒಂದು ಆಳುದ್ದ ಮಣ್ಣು ನೋಡು.”

“ಅಪ್ಪ ಹರಿಹರದಾಗೆ ಒಬ್ನೇ ಆಗ್ತಾನಲ್ಲವ್ವ.”

“ಇರ್ಲಿ ಬಿಡು. ಬದುಕಿದ್ದಾಗ ಜತಿಗೆ ಇದ್ದೆ. ಸಾಕು.”

ಅಲ್ಲಿಂದ ದಾನಿಯೇಲಪ್ಪನಿಗೆ ಬದುಕಿನಲ್ಲಿ ಇದ್ದದ್ದು ಇದೊಂದೇ ಚಿಂತೆ. ಕೆ.ಬಿ. ಬಡಾವಣೆಯಲ್ಲಿ ಹತ್ತಿ ಸಾಹುಕಾರ ಉಜ್ಜನಪ್ಪನವರು ಹೊಸ ಮನೆ ಕಟ್ಟಿಸಿದಾಗ ಬಾಗಿಲು, ಕಿಟಕಿ, ದೇವರ ಮನೆಯ ಕದ ಎಲ್ಲ ಅವನ ಕೈಯದೇ. ಆನಗೋಡು ದಾರಿಯಲ್ಲಿ ಉಜ್ಜನಪ್ಪನವರದೊಂದು ಹೊಲವಿತ್ತು. ಅದರ ಒಂದು ಮೂಲೆಯಲ್ಲಿ ಅವರ ಹಿರಿಯರ ಸಮಾಧಿಗಳು, ಪಕ್ಕದಲ್ಲಿ ಏನೂ ಬೆಳೆಯದ ತುಂಡು ಭೂಮಿ. ದೇವರ ಮನೆಯ ಕದಕ್ಕೆ ಕೊನೆಯ ಮೊಳೆ ಹೊಡೆದ ದಿನ ದಾನಿಯೇಲಪ್ಪ ಧೈರ್ಯ ಮಾಡಿ ಆ ತುಂಡನ್ನು ಕೇಳಿದ. ಉಜ್ಜನಪ್ಪನವರು “ನೋಡೋಣ” ಅಂದರು. ದೊಡ್ಡವರ “ನೋಡೋಣ” ಎಂಬುದು ಗಟ್ಟಿ ಬಾಳಿಕೆಯ ಮಾಲು. ಎರಡು ಮಳೆಗಾಲ ಕಳೆದರೂ ಅದು ಹಾಗೆಯೇ ಇತ್ತು.

ಐವತ್ತೇಳರ ಚಳಿಗಾಲದಲ್ಲಿ ಅಮೆರಿಕದಿಂದ ಕಾರ್ವರ್ ಎಂಬ ಉಪದೇಶಕರು ಹರಿಹರಕ್ಕೆ ಬಂದರು. ಎತ್ತರದ ಮನುಷ್ಯ, ಒಳ್ಳೆಯ ಮುಖ, ನೆಲದಲ್ಲಿ ಕೂತರೆ ಏಳಲು ಇಬ್ಬರು ಬೇಕು. ಇಂಥವರು ಸಾಹುಕಾರರನ್ನು ಕಂಡು ಎರಡು ಮಾತಾಡಿದರೆ ಆ “ನೋಡೋಣ” ಅಲ್ಲಾಡೀತು ಎಂದು ಹರಿಹರದ ಪಾಸ್ಟರಿಗೆ ಹೊಳೆಯಿತು. ಅಮೆರಿಕದವರನ್ನು ನೋಡುವ ಆಸೆ ಉಜ್ಜನಪ್ಪನವರಿಗೂ ಇತ್ತು. ತಮ್ಮ ಹತ್ತಿ ಮಂಡಿಯ ಅಂಗಳದಲ್ಲೇ ಜಮಖಾನ ಹಾಸಿಸಿದರು. ಊರಿನ ಹತ್ತು ಜನ ವರ್ತಕರು ಬಂದು ಕೂತರು. ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ ಮಗಳು ಶಾಂತಕುಮಾರಿ ತಂದೆಯ ಹಿಂದೆ ಕುರ್ಚಿ ಹಾಕಿಕೊಂಡಳು. ದಾನಿಯೇಲಪ್ಪ ಒಗೆದ ಅಂಗಿ ತೊಟ್ಟು ಅತಿಥಿಯ ಪಕ್ಕದಲ್ಲಿ ನಿಂತ.

ಕಾರ್ವರ್ ಸಾಹೇಬರಿಗೆ ಜಾಗದ ವಿಷಯ ಹೇಳಿರಲಿಲ್ಲವೆಂದಲ್ಲ. ಹೇಳಿದ್ದರು. ಆದರೆ ಮಾತಿಗೆ ನಿಂತೊಡನೆ ಅವರಿಗೆ ತಮ್ಮ ದೇಶ ನೆನಪಾಯಿತು. ತಮ್ಮ ಹಿರಿಯರು ಯೇಸುವಿನ ಹೆಸರು ಹಿಡಿದು ಕಡಲು ದಾಟಿದ್ದು, ಹಡಗಿನಿಂದ ಇಳಿದು ಮೊಣಕಾಲೂರಿದ್ದು, ಆ ನಂಬಿಕೆಯ ಮೇಲೆಯೇ ಒಂದು ರಾಷ್ಟ್ರ ಎದ್ದು ನಿಂತದ್ದು, ಎಲ್ಲ ಹೇಳಿದರು. ಅಲ್ಲಿಯವರೆಗೆ ದಾನಿಯೇಲಪ್ಪನ ಕನ್ನಡ ಸಲೀಸಾಗಿ ಹೋಯಿತು. ಆಮೇಲೆ ಅವರು, ಕ್ರಿಸ್ತನನ್ನು ಬುನಾದಿ ಮಾಡಿಕೊಳ್ಳದ ಯಾವ ದೇಶವೂ ಬಹುಕಾಲ ನಿಲ್ಲದು, ಹತ್ತು ವರ್ಷದ ಈ ಎಳೆಯ ಭಾರತವೂ ಒಂದು ದಿನ ಕ್ರಿಸ್ತನ ದೇಶವಾಗಲಿ ಎಂದೇ ನನ್ನ ಪ್ರಾರ್ಥನೆ ಎಂದರು.

ದಾನಿಯೇಲಪ್ಪ ಎದುರಿಗೆ ಕೂತವರನ್ನು ನೋಡಿದ. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗ. ಈ ಹಲಗೆ ಈ ಬಾಗಿಲಿಗೆ ಕೂಡುವುದಿಲ್ಲ ಎನಿಸಿತು.

“ಭಾರತ ದೇಶ ಚೆನ್ನಾಗಿರ್ಲಿ ಅಂತ ಸಾಹೇಬ್ರು ದೇವರ್ನ ಬೇಡ್ಕೊತಾರಂತೆ” ಅಂದ.

ವರ್ತಕರು ಚಪ್ಪಾಳೆ ಹೊಡೆದರು. ಕಾರ್ವರ್ ಸಾಹೇಬರು ತಮ್ಮ ಮಾತಿಗೆ ಇಲ್ಲಿ ಇಷ್ಟು ಒಪ್ಪಿಗೆ ಸಿಕ್ಕೀತೆಂದು ಎಣಿಸಿರಲಿಲ್ಲ, ಸಂತೋಷಕ್ಕೆ ಅವರ ಮುಖ ಕೆಂಪಾಯಿತು. ಶಾಂತಕುಮಾರಿ ಮಾತ್ರ ಮುಂದಕ್ಕೆ ಬಾಗಿ, “ಅಪ್ಪಾಜಿ, ಅವರು ಅಂದದ್ದು ಅಷ್ಟೇ ಅಲ್ಲ” ಅಂದಳು.

ಉಜ್ಜನಪ್ಪನವರು ಮಗಳನ್ನು ಏನೂ ಕೇಳಲಿಲ್ಲ. ದಾನಿಯೇಲಪ್ಪನ ಕಡೆ ತಿರುಗಿದರು. “ಪೂರಾ ಹೇಳು ಮೇಸ್ತ್ರಿ.”

ದಾನಿಯೇಲಪ್ಪನಿಗೆ ತಾಯಿಯ ಮುಖ ಕಣ್ಣ ಮುಂದೆ ಬಂತು, ಅದರ ಹಿಂದೆಯೇ ರೈಲ್ವೆ ಗೇಟು. ಜಾಗ ಕೈ ಬಿಟ್ಟಿತು ಎಂದುಕೊಂಡ. ಕೈ ಬಿಟ್ಟ ಮೇಲೆ ಸುಳ್ಳಿನಿಂದ ಲಾಭವೂ ಇರಲಿಲ್ಲ. ಒಂದಕ್ಷರ ಬಿಡದೆ ಹೇಳಿದ. ಜೀವಮಾನದಲ್ಲಿ ಅವನು ಪೂರ್ತಿ ಮಾಡಿದ ತರ್ಜುಮೆ ಅದೊಂದೇ.

ಒಬ್ಬ ವರ್ತಕರು ಚಪ್ಪಾಳೆ ಹೊಡೆದ ಕೈಗಳನ್ನು ಶಲ್ಯದಲ್ಲಿ ಒರೆಸಿಕೊಂಡರು. ಉಜ್ಜನಪ್ಪನವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು:

“ಇವರ ಹಿರೇರು ಹಡಗಿನಿಂದ ಇಳಿದ್ರಲ್ಲ, ಅಲ್ಲಿ ಮೊದ್ಲೇ ಯಾರರ ಇದ್ರಾ?”

ದಾನಿಯೇಲಪ್ಪ ಕೇಳಿ ಹೇಳಿದ. “ಇದ್ರಂತ್ರಿ. ಚಳಿಗಾಲದಾಗೆ ಬಂದೋರ್ಗೆ ಕಾಳು ಕೊಟ್ಟು, ಜಾಗ ಕೊಟ್ಟು ನೋಡ್ಕೊಂಡ್ರಂತೆ. ಬಂದೋರಾಗೆ ಅರ್ಧ ಮಂದಿ ಆ ಚಳಿಗೇ ಸತ್ರಂತೆ.”

“ಜಾಗ ಕೊಟ್ಟೋರು ಈಗ ಹೆಂಗದಾರೆ?”

ಈ ಪ್ರಶ್ನೆ ಇಂಗ್ಲಿಷಿಗೆ ಹೋದ ಮೇಲೆ ವಾಪಸು ಬರಲು ಬಹಳ ಹೊತ್ತು ಹಿಡಿಯಿತು. ಕಾರ್ವರ್ ಸಾಹೇಬರು ಕೈಯಲ್ಲಿದ್ದ ಟೋಪಿಯನ್ನು ತಿರುಗಿಸಿದರು. ಆಮೇಲೆ ಮೆಲ್ಲಗೆ, ಬಹಳ ಜನ ಉಳಿದಿಲ್ಲ, ಅದು ನಮ್ಮವರ ಪಾಪ ಅಂದರು. ಪಾಪ ಎಂಬುದು ದಾನಿಯೇಲಪ್ಪನಿಗೆ ಚೆನ್ನಾಗಿ ಬರುವ ಮಾತು. ಅದನ್ನೂ ಹೇಳಿದ. ಹೇಳಿ, ತನ್ನ ಕಡೆಯಿಂದ ಯಾರೂ ಕೇಳದ ನಾಲ್ಕು ಮಾತು ಸೇರಿಸಿದ.

“ಸಾಹುಕಾರ್ರೇ, ನಾವು ಹಡಗಿನಾಗೆ ಬಂದೋರಲ್ಲ. ನಮ್ಮವ್ವ ಇದೇ ಊರಾಗೆ ಹುಟ್ಯಾಳೆ. ಅಮೆರಿಕ ಅಂದ್ರೆ ಮಿಶನ್ನಿನೋರು ಹಂಚೋ ಹಾಲಿನ ಪುಡಿ ಅಂತಷ್ಟೇ ಆಕಿಗೆ ಗೊತ್ತು, ಅದೂ ಆಕಿಗೆ ಒಗ್ಗಲ್ಲ. ದೇಶ ಕಟ್ಟಾಕೆ ನಾವು ಜಾಗ ಕೇಳಿಲ್ಲರಿ. ಆಕಿ ಮಲಗಾಕೆ ಕೇಳೀವಿ.”

“ಕಾಫಿ ತರಸ್ರಿ” ಅಂದರು ಉಜ್ಜನಪ್ಪನವರು. ಸಭೆ ಮುಗಿಯಿತು.

ಪಾಸ್ಟರು ಹರಿಹರದ ಬಸ್ಸು ಹತ್ತುವವರೆಗೂ ದಾನಿಯೇಲಪ್ಪನ ಜೊತೆ ಮಾತಾಡಲಿಲ್ಲ. ದಾನಿಯೇಲಪ್ಪ ಮನೆಗೆ ಬಂದು, ಊಟ ಬ್ಯಾಡ ಅಂದು ಗೋಡೆ ಕಡೆ ತಿರುಗಿ ಮಲಗಿದ. ಏನಾಯಿತೆಂದು ಮರಿಯವ್ವ ಕೇಳಿದಾಗ, ಸಾಹುಕಾರರು ನೋಡೋಣ ಅಂದಿದ್ದಾರೆ ಅಂದ. ಹಳೆಯ ಸುದ್ದಿಯಾದ್ದರಿಂದ ಅವಳು ದೀಪ ಸಣ್ಣ ಮಾಡಿ ಮಲಗಿದಳು.

ವಾರ ಕಳೆದಿರಬಹುದು. ಉಜ್ಜನಪ್ಪನವರು ಹೇಳಿ ಕಳಿಸಿದರು. ದಾನಿಯೇಲಪ್ಪ ಹೋದಾಗ ಅವರು ಹೊಲದ ಆ ಮೂಲೆಯಲ್ಲೇ ಕೊಡೆ ಹಿಡಿದು ನಿಂತಿದ್ದರು.

“ಇಲ್ಲಿಂದ ಆ ಜಾಲಿ ಗಿಡದ ತನಕ ಹೂಳ್ಕೊಳ್ರಿ. ನಡುವೆ ಬೇಲಿ ಹಾಕಬಾರ್ದು, ಅದೊಂದೇ ಷರತ್ತು.”

“ಅವತ್ತು ಸಾಹೇಬ್ರು ಹಂಗಂದ್ರಲ್ರಿ…”

“ಅವರು ಅವರ ದೇಶದ ಮಾತು ಹೇಳಿದ್ರು. ಕೇಳಿದೋನಿಗೆ ನಿಜ ಹೇಳಿದ್ರು, ಅದು ದೊಡ್ಡದು. ಜಾಗ ಕೇಳಿದೋನು ನೀನು. ನಿನ್ನ ಮಾತಿನ ಮ್ಯಾಲೆ ಕೊಡ್ತೀನಿ.” ಸ್ವಲ್ಪ ದೂರ ನಡೆದ ಮೇಲೆ ತಿರುಗಿ, “ಮೊದ್ಲು ಹೇಳಿದ ಮಾತಿನ ಮ್ಯಾಲಲ್ಲ, ಆಮ್ಯಾಲೆ ಹೇಳಿದ್ರ ಮ್ಯಾಲೆ” ಅಂದರು.

ಮರುವರ್ಷದ ಮಳೆಗಾಲದಲ್ಲಿ ಮರಿಯವ್ವ ತೀರಿಕೊಂಡಳು. ಕಾಯಿಲೆ ಅಂತೇನೂ ಇಲ್ಲ, ಬೆಳಿಗ್ಗೆ ಚಹಾ ಕುಡಿದು ಒರಗಿದವಳು ಏಳಲಿಲ್ಲ. ದಾನಿಯೇಲಪ್ಪ ಬಾಗಿಲಿಗೆಂದು ತಂದಿಟ್ಟ ತೇಗದ ಹಲಗೆ ತೆಗೆದು ಪೆಟ್ಟಿಗೆ ಮಾಡಿದ. ಗಿರಾಕಿ ಬಾಗಿಲಿಗೆ ಕಾಯಬಹುದು. ಸುದ್ದಿ ತಿಳಿದು ಉಜ್ಜನಪ್ಪನವರು, ಅಲ್ಲಿ ಮೊದಲ ಮಣ್ಣು ಆ ಮುದುಕಿಯದು, ಗುಂಡಿ ನಮ್ಮ ಆಳೇ ತೆಗೆಯುತ್ತಾನೆ ಎಂದು ಹೇಳಿ ಕಳಿಸಿದರು. ಅವರ ಮನೆಯ ಸಮಾಧಿಗಳನ್ನೆಲ್ಲ ತೆಗೆದ ಗೋಣೆಪ್ಪನಿಗೆ ಕೆಲಸ ಒಪ್ಪಿಸಿದರು. ಹೆಚ್ಚಿಗೆ ಏನೂ ಹೇಳಲಿಲ್ಲ. ಗುಂಡಿ ತೆಗೆಯುವುದನ್ನು ಗೋಣೆಪ್ಪನಿಗೆ ಹೇಳಿಕೊಡುವವರಾದರೂ ಯಾರು.

ಚಾಳಿನ ಜನ ಪೆಟ್ಟಿಗೆ ಹೊತ್ತು ಹಾಡುತ್ತ ಬಂದರು. ಹರಿಹರದಿಂದ ಪಾಸ್ಟರು ಬಂದರು, ಉಜ್ಜನಪ್ಪನವರೂ ಕೊಡೆ ಹಿಡಿದು ಬಂದರು. ಗುಂಡಿಯ ಅಂಚಿಗೆ ಬಂದೊಡನೆ ಹಾಡು ನಿಂತಿತು. ಗೋಣೆಪ್ಪ ತನಗೆ ತಿಳಿದ ಹಾಗೆ, ಅಚ್ಚುಕಟ್ಟಾಗಿ, ಚೌಕಾಕಾರದ ಆಳದ ಗುಂಡಿ ತೆಗೆದಿದ್ದ. ಬದಿಗೆ ಒಂದು ಗೂಡನ್ನೂ ಕೊರೆದು ಸಾರಿಸಿದ್ದ. ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಕ್ರೈಸ್ತರು ಮಲಗಿಸುತ್ತಾರೆಂದು ಗೋಣೆಪ್ಪನಿಗೆ ಯಾರೂ ಹೇಳಿರಲಿಲ್ಲ, ಅವನು ಕನಸಿನಲ್ಲೂ ನೆನೆಸಿರಲಿಲ್ಲ. ಆ ಪೆಟ್ಟಿಗೆ ಆ ಗುಂಡಿಗೆ ಇಳಿಯಬೇಕಾದರೆ ನೆಟ್ಟಗೆ ನಿಲ್ಲಿಸಬೇಕಿತ್ತು.

“ಮಣ್ಣಾಗೆ ಯಾರರ ಮಲಕ್ಕೊಂತಾರೇನ್ರಿ” ಅಂದ ಗೋಣೆಪ್ಪ. ಅವನಿಗೆ ನಿಜವಾಗಿ ಬೇಸರವಾಗಿತ್ತು.

ಎಲ್ಲರೂ ದಾನಿಯೇಲಪ್ಪನ ಮುಖ ನೋಡಿದರು. ಹರಿಹರಕ್ಕೇ ಒಯ್ಯಬೇಕಿತ್ತೇನೋ ಎಂದು ಹಿಂದೆ ಯಾರೋ ಗೊಣಗಿದರು. ಈ ಜಾಗಕ್ಕಾಗಿ ಎರಡು ವರ್ಷ ಬಾಯಿ ಬಿಟ್ಟ ದಾನಿಯೇಲಪ್ಪನಿಗೆ, ಜಾಗ ಕೊಟ್ಟವರ ಎದುರಿಗೆ ಅವರು ತೆಗೆಸಿದ ಗುಂಡಿ ಸರಿಯಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಮಳೆ ಹನಿಯತೊಡಗಿತು.

ಉಜ್ಜನಪ್ಪನವರು ಗುಂಡಿ ನೋಡಿದರು, ಪೆಟ್ಟಿಗೆ ನೋಡಿದರು. ಕೊಡೆಯನ್ನು ಪಾಸ್ಟರ ಕೈಗೆ ಕೊಟ್ಟರು. ಶಲ್ಯ ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಗೋಣೆಪ್ಪನ ಕೈಯಿಂದ ಗುದ್ದಲಿ ಇಸಿದುಕೊಂಡು ಗುಂಡಿಗೆ ಇಳಿದರು. ಹತ್ತಿಯ ಧಾರಣೆ ಬಿಟ್ಟು ಬೇರೇನನ್ನೂ ಏರಿಸಿ ಇಳಿಸಿ ಗೊತ್ತಿಲ್ಲದ ಕೈ ಅದು. ಮೊದಲ ಏಟು ಗೋಡೆಗೆ ತಾಗಿ ಜಾರಿತು. ಗೋಣೆಪ್ಪ “ಬ್ಯಾಡ್ರಿ ಧಣಿ” ಎನ್ನುತ್ತ ಇನ್ನೊಂದು ಗುದ್ದಲಿ ಹಿಡಿದು ಹಿಂದೆಯೇ ಇಳಿದ. ಇಬ್ಬರೂ ಪೂರ್ವದ ಕಡೆಯ ಗೋಡೆ ಒಡೆಯತೊಡಗಿದರು. ಕಪ್ಪು ಮಣ್ಣು ಗುದ್ದಲಿಗೆ ಅಂಟಿ ಅಂಟಿ ಬರುತ್ತಿತ್ತು. ಚಾಳಿನವರಲ್ಲಿ ಯಾರೋ ಮತ್ತೆ ಹಾಡು ಎತ್ತಿದರು.

ಬಹಳ ಹೊತ್ತಿನ ಮೇಲೆ ಉಜ್ಜನಪ್ಪನವರು ತಲೆಯೆತ್ತಿದರು. ಹಣೆಯ ವಿಭೂತಿಯೆಲ್ಲ ಮಳೆಗೆ ಕರಗಿ ಹೋಗಿತ್ತು.

“ನೋಡು ಮೇಸ್ತ್ರಿ, ನಿಮ್ಮವ್ವಗೆ ಇಷ್ಟು ಸಾಕೇನು?”

ದಾನಿಯೇಲಪ್ಪ ಅಂಚಿನಲ್ಲಿ ಬಗ್ಗಿ ಗೇಣು ಹಾಕಿದ. ಸಾಕು ಎಂದು ಹೇಳಬೇಕೆಂದಿದ್ದ. ಆದರೆ ಅದು ಅವನ ತಾಯಿಯ ಅಳತೆ, ಸುಳ್ಳು ಹೇಳಲು ಬರಲಿಲ್ಲ.

“ಇನ್ನೊಂದು ಗೇಣು ಬೇಕಾಗ್ತೈತ್ರಿ” ಅಂದು ಅಲ್ಲೇ ಕೂತು ಅತ್ತುಬಿಟ್ಟ.

ಸಾಹುಕಾರರು ಇನ್ನೊಂದು ಗೇಣು ಅಗೆದರು.