ಕ್ಯೋಟೋ ಪೊಲೀಸ್ ಮತ್ತು ಕಾಂಗೋದ ಚಾಕು

ಕ್ಯೋಟೋದ ನಮ್ಮ ಲ್ಯಾಬಿನಲ್ಲಿರುವ ಮಿಕೋಬಿ ಕಾಂಗೋದವನು. ಒಂದು ಭಾನುವಾರ ಬಡಾವಣೆಯ ಸಭಾಂಗಣದಲ್ಲಿ ತನ್ನೂರಿನ ಬಗ್ಗೆ ಮಾತಾಡಲು ಹೋದವನು, ಜನರಿಗೆ ತೋರಿಸಬೇಕಿದ್ದ ಅಜ್ಜನ ಚಾಕುವನ್ನೇ ಲ್ಯಾಬಿನಲ್ಲಿ ಮರೆತಿದ್ದ. "ಬೇಗ ತಗೊಂಡು ಬಾ" ಅಂತ ಫೋನ್ ಮಾಡಿದ. ನಾನು ಅದನ್ನು ಬ್ಯಾಗಿಗೆ ತುರುಕಿ ಸೈಕಲ್ ಹತ್ತಿದೆ. ಹಿಡಿ ಹೊರಗೆ ಇಣುಕುತ್ತಿತ್ತು.

ಸಿಗ್ನಲ್ಲಿನಲ್ಲಿ ವಯಸ್ಸಾದ ಪೊಲೀಸರೊಬ್ಬರು ಅಡ್ಡ ಬಂದರು. "ಸುಮಿಮಾಸೆನ್" ಅಂತ ಮೊದಲು ಕ್ಷಮೆ ಕೇಳಿ, "ಬ್ಯಾಗಿನಲ್ಲಿ ಏನಿದೆ?" ಅಂದರು.

ಗಾಬರಿಗೆ, ನಾನು ಕಲಿತಿದ್ದ ಜಪಾನೀಸ್‌ನಲ್ಲಿ ಒಂದು ಪದ ಬಿಟ್ಟು ಉಳಿದದ್ದೆಲ್ಲ ಆವಿಯಾಯಿತು. "ಚಾಕು" ಅಂದುಬಿಟ್ಟೆ. ನನ್ನ ವೀಸಾ ಕಥೆ ಮುಗೀತು ಅಂದುಕೊಂಡೆ.

ಅವರು ಅದನ್ನು ಮೆಲ್ಲಗೆ ಹೊರತೆಗೆದರು. ಎಲೆಯಷ್ಟು ಅಗಲದ ಅಲಗನ್ನು ಬೆರಳಿನಿಂದ ತಟ್ಟಿ ನೋಡಿದರು. "ಅರೆ, ಮರದ್ದು!"

ಅವರ ದನಿ ಕೇಳಿ ನನ್ನ ಜಪಾನೀಸ್ ವಾಪಸ್ ಬಂತು. "ಹೌದು, ಇದು ಕತ್ತರಿಸೋದಕ್ಕಲ್ಲ. ನನ್ನ ಗೆಳೆಯನ ಊರಲ್ಲಿ ಇದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವರು ದೊಡ್ಡ ಪದವಿಯವರು ಅಂತ ಅರ್ಥ. ಅವನ ಅಜ್ಜ ಅಲ್ಲಿಯ ಮುಖ್ಯಸ್ಥರು."

ಅವರ ಮುಖ ಬಿಗಿಯಾಯಿತು. "ಹಾಗಾದರೆ ಇದನ್ನು ಹೀಗಾ ತುರುಕೋದು?" ಅಂತ ಗದರಿದರು. ತಮ್ಮ ಜೇಬಿನ ಟವೆಲ್ ತೆಗೆದು ಚಾಕುವನ್ನು ನೀಟಾಗಿ ಸುತ್ತಿ, ಎರಡೂ ಕೈಯಲ್ಲಿ ವಾಪಸ್ ಕೊಟ್ಟು, ನಡು ಬಗ್ಗಿಸಿ ವಂದಿಸಿದರು.

ಸಭಾಂಗಣದಲ್ಲಿ ಕಥೆ ಕೇಳಿದ ಮಿಕೋಬಿ ಟವೆಲ್ಲನ್ನೇ ನೋಡುತ್ತಾ ನಿಂತ. "ಅವರು ಬಗ್ಗಿದ್ದು ನಿನಗೋ, ನನ್ನಜ್ಜನಿಗೋ?"

"ಅಜ್ಜನಿಗೇ ಕಣೋ" ಅಂದೆ.

ಈ ದೇಶದಲ್ಲಿ ಪೊಲೀಸರು ದಾರಿ ಕೇಳಿದವರಿಗೂ ಬಗ್ಗುತ್ತಾರೆ ಅನ್ನೋದು ನಮ್ಮಿಬ್ಬರಿಗೂ ಗೊತ್ತು. ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ.